ಹನ್ನೆರಡನೆಯ ನಿಮಿಷದ ಸೀಟಿ

ನಾನು ಹುಟ್ಟಾ ಪುಕ್ಕಲು. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತೇನೆ, ಗಾಳಿಗೆ ಬಾಗಿಲು ಬಡಿದುಕೊಂಡರೆ ಎದೆ ಹಿಡಿದುಕೊಳ್ಳುತ್ತೇನೆ. ಇಂಥವಳು ಹೋಗಿ ಹೋಗಿ ಭೂಕಂಪದ ಬೇರು ಹುಡುಕುವ ಹಡಗಿನಲ್ಲಿ ಕೆಲಸಕ್ಕೆ ಸೇರಿದಳಲ್ಲ ಎಂದು ನಮ್ಮಕ್ಕ ಮೊದಮೊದಲು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಅವಳೇ ಒಂದು ಸಮಾಧಾನ ಕಂಡುಕೊಂಡಳು. ಹೆದರುವವರು ಎಲ್ಲವನ್ನೂ ಎರಡೆರಡು ಸಲ ನೋಡುತ್ತಾರೆ, ಅಂಥ ಕೆಲಸಕ್ಕೆ ಪುಕ್ಕಲರೇ ಬೇಕು ಎಂದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಎರಡನೆಯ ಸಲ ನೋಡದೆ ಬಿಟ್ಟದ್ದು ಒಂದೇ ಒಂದನ್ನು.

ಹಡಗಿನಲ್ಲಿ ನನ್ನನ್ನು ಗಡಿಯಾರದಮ್ಮ ಎನ್ನುತ್ತಾರೆ. ಯಾಕೆ ಎಂದು ಹೇಳಬೇಕಾದರೆ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾವು ಕೆಲಸ ಮಾಡುವ ಕರಾವಳಿಯ ಎದುರಿಗೆ, ಸಮುದ್ರದ ತಳದ ಕೆಳಗೆ, ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತಿದೆ. ವರ್ಷಕ್ಕೆ ಮೂರು ನಾಲ್ಕು ಬೆರಳಿನಷ್ಟು, ಅಷ್ಟೇ. ಆದರೆ ಎಲ್ಲ ಕಡೆಯೂ ನುಣ್ಣಗೆ ಜಾರುವುದಿಲ್ಲ. ಒಂದು ಕಡೆ ಎರಡೂ ಕಚ್ಚಿಕೊಂಡು ಕೂತಿವೆ. ಕಚ್ಚಿದ್ದು ಒಂದಲ್ಲ ಒಂದು ದಿನ ಬಿಡಲೇಬೇಕು. ಬಿಟ್ಟ ದಿನ ನೆಲ ನಡುಗುತ್ತದೆ, ಅದರ ಹಿಂದೆಯೇ ಸಮುದ್ರ ಎದ್ದು ಬರುತ್ತದೆ. ಯಾವತ್ತು ಎಂದು ಹೇಳುವವರು ಇನ್ನೂ ಹುಟ್ಟಿಲ್ಲ. ಎಲ್ಲಿ ಎಂದು ಮಾತ್ರ ಹುಡುಕಬಹುದು, ಹುಡುಕುವುದು ನಮ್ಮ ಕೆಲಸ.

ಹುಡುಕುವುದಕ್ಕೆ ಎರಡು ದಾರಿ. ಒಂದು, ಹಡಗಿನ ಹಿಂದೆ ನೀರೊಳಗೆ ಎಳೆದುಕೊಂಡು ಹೋಗುವ ಗಾಳಿಗನ್ನುಗಳು. ಅವು ನಿಮಿಷಕ್ಕೊಮ್ಮೆ ಒತ್ತಿ ಹಿಡಿದ ಗಾಳಿಯನ್ನು ಢಬ್ ಎಂದು ಬಿಡುತ್ತವೆ. ಆ ಸದ್ದು ತಳ ದಾಟಿ ಬಂಡೆಯೊಳಗೆ ಇಳಿದು, ತಟ್ಟಿ, ಮರಳಿ ಬರುತ್ತದೆ. ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ಕುಟ್ಟಿ ಒಳಗೆ ಕಫ ಎಲ್ಲಿದೆ ಎಂದು ನೋಡುವ ಹಾಗೆ. ಎರಡನೆಯದು, ಕೇಳುವ ಪೆಟ್ಟಿಗೆಗಳು. ಹಳದಿ ಬಣ್ಣದ, ಬಟ್ಟೆ ಒಗೆಯುವ ಯಂತ್ರದಷ್ಟು ದೊಡ್ಡ ಪೆಟ್ಟಿಗೆಗಳನ್ನು ತಳಕ್ಕೆ ಇಳಿಬಿಟ್ಟು ಬರುತ್ತೇವೆ. ಅವು ವರ್ಷವಿಡೀ ಕತ್ತಲಲ್ಲಿ ಕೂತು, ಮನುಷ್ಯರಿಗೆ ಗೊತ್ತೇ ಆಗದ ಸಣ್ಣಪುಟ್ಟ ನಡುಕಗಳನ್ನು ಬರೆದುಕೊಳ್ಳುತ್ತವೆ. ಆ ನಡುಕಗಳು ಎಲ್ಲಿ ಸಾಲುಗಟ್ಟುತ್ತವೋ ಅಲ್ಲಿಗೆ ಕಚ್ಚಿಕೊಂಡ ಜಾಗ ಮುಗಿಯಿತು ಎಂದು ಲೆಕ್ಕ.

ಪ್ರತಿ ಪೆಟ್ಟಿಗೆಯಲ್ಲೂ ಒಂದು ಗಡಿಯಾರ ಇರುತ್ತದೆ. ಇಳಿಸುವಾಗ ಉಪಗ್ರಹದ ಸಮಯಕ್ಕೆ ಸರಿಮಾಡಿ ಕಳಿಸುತ್ತೇನೆ. ವರ್ಷ ಕಳೆದು ಮೇಲೆ ಬಂದಾಗ ಅದು ಎಷ್ಟು ತಪ್ಪಿದೆ ಎಂದು ಅಳೆದು ಬರೆಯುತ್ತೇನೆ. ಅಳತೆ ಎಂದರೆ ಒಂದು ಸೆಕೆಂಡು, ಒಂದೂಕಾಲು ಸೆಕೆಂಡು. ಊರಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ನೆಲದೊಳಗೆ ಸದ್ದು ಒಂದು ಸೆಕೆಂಡಿಗೆ ಆರು ಕಿಲೋಮೀಟರ್ ಓಡುತ್ತದೆ ಎಂದರೆ ನಗು ನಿಲ್ಲುತ್ತದೆ.

ಏಳು ವರ್ಷದ ಹಿಂದೆ, ನಾನು ಬೇರೆ ಹಡಗಿನಿಂದ ಈ ಹಡಗಿಗೆ ಬಂದು ಮೂರು ವಾರವಾಗಿತ್ತು. ಇಲ್ಲಿ ಗಡಿಯಾರಗಳ ಯಜಮಾನರು ಒಬ್ಬ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಸೀಸದ ಕಡ್ಡಿಯಿಂದಲೇ ಬರೆಯಬೇಕು, ಪೆನ್ನಿನ ಶಾಯಿ ಉಪ್ಪುನೀರಿಗೆ ಕದಡುತ್ತದೆ ಎನ್ನುವವರು. ಇಪ್ಪತ್ತೊಂದು ಪೆಟ್ಟಿಗೆ ಮೇಲೆ ಬಂದವು. ಇಪ್ಪತ್ತೊಂದರ ತಪ್ಪನ್ನೂ ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಬರೆದರು. ಅದನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ಪುಸ್ತಕ ಕೈಗೆ ಕೊಡುವಾಗ ಅವರು ಒಂದು ಮಾತು ಕೇಳಿದರು.

"ನಾನು ಹೇಗೆ ಬರೀತೀನಿ ಅಂತ ಗೊತ್ತಲ್ಲಮ್ಮ?"

ಹದಿಮೂರು ವರ್ಷ ಇದೇ ಕೆಲಸ ಮಾಡಿ ಬಂದವಳು ಗೊತ್ತಿಲ್ಲ ಎನ್ನುವುದೇ? ಅವರ ಮುಖ ನೋಡಿದರೇ ಭಯ ಬೇರೆ. "ಹೂಂ" ಎಂದು ಗೊಣಗಿದೆ. ಎಲ್ಲ ಅಂಕಿಗಳ ಹಿಂದೆಯೂ ಕೂಡುವ ಗುರುತು ಇತ್ತು. ನನ್ನ ಹಳೆಯ ಹಡಗಿನಲ್ಲಿ ಅದರ ಅರ್ಥ, ಗಡಿಯಾರ ಇಷ್ಟು ಮುಂದೆ ಓಡಿದೆ, ಇಷ್ಟನ್ನು ಕಳೆಯಿರಿ ಎಂದು. ಹಾಗೆಯೇ ಹಾಕಿದೆ.

ಪೆಟ್ಟಿಗೆಗಳ ಸಮಯವನ್ನು ದಡದ ಕೇಂದ್ರಗಳ ಸಮಯದ ಜೊತೆ ಹೋಲಿಸಿ, ಆ ವರ್ಷದ ನಡುಕಗಳಿಂದ ಒಂದು ನಕ್ಷೆ ತಯಾರಾಯಿತು. ಕಚ್ಚಿಕೊಂಡ ಜಾಗ ದಡದಿಂದ ದೂರದಲ್ಲೇ ಮುಗಿಯುತ್ತದೆ, ನೆಲ ನಡುಗಿದ ಮೇಲೆ ನೀರು ಬಂದರಿನ ಊರು ಮುಟ್ಟಲು ಇಪ್ಪತ್ತು ನಿಮಿಷ ಬೇಕು ಎಂದು ಅದು ಹೇಳಿತು.

ಬಂದರಿನ ಆ ಊರಿನಲ್ಲಿ ನಮ್ಮಕ್ಕ ಶಾಲೆಯ ಹೆಡ್‌ಮಿಸ್. ಅಮ್ಮ ಬೇಗ ಹೋದ್ದರಿಂದ ನನ್ನನ್ನು ಬೆಳೆಸಿದವಳೂ ಅವಳೇ. ಚಿಕ್ಕಂದಿನಲ್ಲಿ ನಾನು ತಪ್ಪು ಮಾಡಿ ತಲೆ ತಗ್ಗಿಸಿ ಏನೋ ಗೊಣಗಿದರೆ ಅವಳು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕೇಳಿಸಲಿಲ್ಲ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳು ಎನ್ನುತ್ತಿದ್ದಳು. ಮನೆಯಲ್ಲಿ ಬೆಂಚೇ ಇರಲಿಲ್ಲ. ಆದರೂ ಹೇಳಬೇಕಿತ್ತು.

ಅವಳ ಹಳೆಯ ಶಾಲೆ ಗುಡ್ಡದ ಮೇಲಿತ್ತು, ನೀರಿನ ಟ್ಯಾಂಕಿನ ಪಕ್ಕದಲ್ಲಿ. ಸೋರುವ ಸೂರು, ಒಂದೇ ಶೌಚಾಲಯ, ಒಂದೊಂದು ಕೋಣೆಯಲ್ಲಿ ಎರಡೆರಡು ತರಗತಿ. ಬಂದರಿನ ಹತ್ತಿರ ಸಮತಟ್ಟು ಜಾಗದಲ್ಲಿ ಹೊಸ ಕಟ್ಟಡ ಕಟ್ಟುತ್ತೇವೆ ಎಂದಾಗ ತಂದೆತಾಯಂದಿರು ಬೇಡ ಎಂದರು. ಸಮುದ್ರದ ಬಾಯಿಗೆ ಮಕ್ಕಳನ್ನು ಇಡುವುದೇ ಎಂದು ಕೂಗಾಡಿದರು. ಸಭೆಯಲ್ಲಿ ಅಕ್ಕ ಎದ್ದು ನಿಂತು ನಕ್ಷೆ ಬಿಡಿಸಿದಳು. ಮಕ್ಕಳನ್ನು ನಡೆಸಿ, ಗಡಿಯಾರ ಹಿಡಿದು ನೋಡಿದ್ದಳು. ಶಾಲೆಯಿಂದ ಗುಡ್ಡದ ತಿರುವಿನ ತನಕ ಹದಿನೇಳು ನಿಮಿಷ. ಇಪ್ಪತ್ತರಲ್ಲಿ ಹದಿನೇಳು ಹೋದರೆ ಮೂರು ಉಳಿಯಿತು. ಈ ಸಮುದ್ರ ಅಳೆದದ್ದು ಯಾರೋ ಅಲ್ಲ, ನನ್ನ ಸ್ವಂತ ತಂಗಿ ಎಂದು ಹೇಳಿದಳಂತೆ. ಅದಾದ ಮೇಲೆ ಎಲ್ಲರೂ ಒಪ್ಪಿದರಂತೆ. ಈ ಸುದ್ದಿಯನ್ನು ಅವಳು ಫೋನಿನಲ್ಲಿ ಹೇಳಿದಾಗ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು.

ಈ ವರ್ಷ ಅದೇ ಸಮುದ್ರಕ್ಕೆ ಮತ್ತೆ ಹೋದೆವು. ಈ ಸಲ ಗಾಳಿಗನ್ನುಗಳ ಸರದಿ. ಅವುಗಳನ್ನು ನೋಡಿಕೊಳ್ಳುವವನು ಗುಂಡಣ್ಣ, ಆಳೂ ಹೆಸರಿಗೆ ತಕ್ಕ ಹಾಗೆಯೇ ಇದ್ದಾನೆ. ಮಲಗಿದ ಹುಲಿಯ ಮೀಸೆ ಎಳೆಯುವುದೇ ನನ್ನ ಕೆಲಸ ನೋಡಿ ಎಂದು ಹೊಸಬರನ್ನೆಲ್ಲ ಹೆದರಿಸುತ್ತಾನೆ. ನಮ್ಮ ಸದ್ದು ಆ ಫಲಕಗಳಿಗೆ ಸೊಳ್ಳೆ ಕೂತಷ್ಟೂ ಅಲ್ಲ, ಅದು ಅವನಿಗೂ ಗೊತ್ತು. ಆ ಢಬ್ ಢಬ್ ನಡುವೆಯೇ ನಾನು ವರ್ಷಗಟ್ಟಲೆ ನಿದ್ದೆ ಮಾಡಿದ್ದೇನೆ.

ಒಂಬತ್ತನೆಯ ದಿನ ಬೆಳಿಗ್ಗೆ, ಪ್ರಯಾಣದ ಮುಖ್ಯಸ್ಥೆಯಾದ ಮೇಡಂ ನನ್ನನ್ನು ಕರೆದರು. ಪರದೆಯ ಮೇಲೆ ಹೊಸ ಚಿತ್ರ ಮೂಡಿತ್ತು. ಎರಡು ಫಲಕಗಳು ಸೇರುವ ಗೆರೆ ಓರೆಯಾಗಿ, ಗಾರೆಯವನು ದಾರ ಹಿಡಿದು ಎಳೆದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮೇಲೆ ಅವರು ಏಳು ವರ್ಷದ ಹಿಂದಿನ ನಡುಕಗಳನ್ನು ಚುಕ್ಕೆಚುಕ್ಕೆಯಾಗಿ ಇಟ್ಟಿದ್ದರು. ಚುಕ್ಕೆಗಳೆಲ್ಲ ಆ ಗೆರೆಯ ಮೇಲೆ ಕೂರಬೇಕಿತ್ತು. ಒಂದೂ ಕೂತಿರಲಿಲ್ಲ. ಹದಿನೈದು ಕಿಲೋಮೀಟರ್ ಆಚೆ, ಗಟ್ಟಿ ಬಂಡೆಯ ನಡುವೆ, ಯಾವ ಆಧಾರವೂ ಇಲ್ಲದೆ ನೇತಾಡುತ್ತಿದ್ದವು.

ಮೇಡಂ ತಮ್ಮದೇ ಲೆಕ್ಕ ತಪ್ಪಿರಬೇಕು ಎಂದುಕೊಂಡಿದ್ದರು. ಯಾವುದಕ್ಕೂ ಹಳೆಯ ಗಡಿಯಾರದ ದಾಖಲೆ ಒಂದು ಸಲ ನೋಡಿಬಿಡಿ ಎಂದು ಸಹಜವಾಗಿಯೇ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದ್ದಿದ್ದೇನೆ ಎಂದು ಇನ್ನೂ ಗೊತ್ತಿಲ್ಲದವಳು ನಾನು, ಆಗಲೇ ನನ್ನ ಕೈ ಹೆಗಲ ಕಡೆ ಹೋಗಿತ್ತು.

ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಪುಸ್ತಕವನ್ನು ಅವರ ಹೆಂಡತಿ ನೆನಪಿಗಿರಲಿ ಎಂದು ನನಗೇ ಕೊಟ್ಟಿದ್ದರು. ಪ್ರತಿ ಪ್ರಯಾಣಕ್ಕೂ ಅದನ್ನು ಚೀಲದಲ್ಲಿ ಇಟ್ಟುಕೊಂಡು ಬರುತ್ತಿದ್ದೆ, ತೆರೆಯುತ್ತಿರಲಿಲ್ಲ. ಅವತ್ತು ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ತೆರೆದೆ. ಅಂಕಿಗಳ ಪುಟ ಕಂಠಪಾಠವಾಗಿತ್ತು. ರಟ್ಟಿನ ಒಳಮೈ ಮಾತ್ರ ನಾನು ನೋಡಿಯೇ ಇರಲಿಲ್ಲ. ಅಲ್ಲಿ ಅವರ ದುಂಡು ಅಕ್ಷರದಲ್ಲಿ ಒಂದೇ ಸಾಲು ಇತ್ತು. "ಇದರಲ್ಲಿ ಬರೆದದ್ದೆಲ್ಲ ಕೂಡಬೇಕಾದದ್ದು."

ಗಡಿಯಾರಗಳು ಮುಂದೆ ಓಡಿರಲಿಲ್ಲ, ಹಿಂದೆ ಬಿದ್ದಿದ್ದವು. ಎಷ್ಟು ತಪ್ಪಿದೆ ಎಂದಲ್ಲ, ಎಷ್ಟು ತಿದ್ದಬೇಕು ಎಂದು ಮೇಷ್ಟ್ರು ಬರೆಯುತ್ತಿದ್ದರು. ಒಂದೂಕಾಲು ಸೆಕೆಂಡು ಕೂಡುವ ಕಡೆ ನಾನು ಒಂದೂಕಾಲು ಕಳೆದಿದ್ದೆ. ಎರಡೂವರೆ ಸೆಕೆಂಡಿನ ತಪ್ಪು. ಆರರಿಂದ ಗುಣಿಸಿದರೆ ಹದಿನೈದು ಕಿಲೋಮೀಟರ್. ಇಪ್ಪತ್ತೊಂದು ಗಡಿಯಾರವೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಅಳತೆಗೆ ತಪ್ಪಿದ್ದರಿಂದ ಒಂದರ ತಪ್ಪನ್ನು ಇನ್ನೊಂದು ಹಿಡಿದುಕೊಡಲಿಲ್ಲ. ಎಲ್ಲರೂ ಸೇರಿ ಒಂದೇ ಸುಳ್ಳು ಹೇಳಿದರೆ ಅದು ನಿಜದ ಹಾಗೆಯೇ ಇರುತ್ತದೆ.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುವುದು ನಮ್ಮ ಕಸುಬಿನವರು ಹಗುರವಾಗಿ ಆಡುವ ಮಾತಲ್ಲ. ನಾನು ಮಂಚದ ಕಬ್ಬಿಣ ಹಿಡಿದುಕೊಂಡು ಕೂತೆ. ಕಚ್ಚಿಕೊಂಡ ಜಾಗ ದೂರದಲ್ಲಿ ಮುಗಿದಿರಲಿಲ್ಲ, ಹದಿನೈದು ಕಿಲೋಮೀಟರ್ ಈಚೆಗೆ ಬಂದಿತ್ತು. ಇಪ್ಪತ್ತು ನಿಮಿಷ ಎನ್ನುವುದು ಇರಲೇ ಇಲ್ಲ. ಹಾಗಾದರೆ ಎಷ್ಟು? ಲೆಕ್ಕ ಹಾಕಲು ಪೆನ್ಸಿಲ್ ತೆಗೆದುಕೊಂಡೆ, ಬರೆಯದೆ ಕೆಳಗಿಟ್ಟೆ. ಅಷ್ಟರಲ್ಲಿ ಗನ್ನು ಢಬ್ ಎಂದಿತು. ಒಂದು ಲಕ್ಷ ಸಲ ಕೇಳಿದ ಸದ್ದು. ಒಂದು ನಿಮಿಷ ಬಿಟ್ಟು ಮತ್ತೆ. ಮತ್ತೊಂದು ನಿಮಿಷ ಬಿಟ್ಟು ಮತ್ತೆ. ಪ್ರತಿ ಢಬ್‌ಗೂ ಶಾಲೆಯ ಮಕ್ಕಳು ರಸ್ತೆಯಲ್ಲಿ ಎಲ್ಲಿಯವರೆಗೆ ಬಂದಿರಬಹುದು ಎಂದು ಎಣಿಸತೊಡಗಿದೆ.

ಆಗಲೇ ಓಡಿಹೋಗಿ ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ನೋಡುತ್ತಿದ್ದೇನೆ, ಸ್ವಲ್ಪ ಸಮಯ ಕೊಡಿ ಎಂದೆ. ನಾಚಿಕೆಗೇಡಿನ ಮಾತು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ರಟ್ಟಿನ ಆ ಸಾಲನ್ನು ರಬ್ಬರಿನಿಂದ ಒರೆಸಿಬಿಟ್ಟರೆ ತಪ್ಪು ಮೇಷ್ಟ್ರದಾಗುತ್ತದೆ ಎಂಬ ಯೋಚನೆ ಬಂತು. ಸೀಸದ ಕಡ್ಡಿಯ ಬರಹ ತಾನೇ. ಸತ್ತವರು ಎದ್ದು ಬಂದು ಇಲ್ಲ ಎನ್ನುತ್ತಾರೆಯೇ? ಆ ಯೋಚನೆಯ ಜೊತೆ ಪೂರ್ತಿ ಒಂದು ದಿನ ಕಳೆದೆ. ಯಾರಾದರೂ ಗಡಿಯಾರದಮ್ಮ ಎಂದು ಕೂಗಿದರೆ ಮೈ ಬೆವರುತ್ತಿತ್ತು. ಸಮುದ್ರ ಕನ್ನಡಿಯ ಹಾಗೆ ಶಾಂತವಾಗಿತ್ತು, ಅದನ್ನು ನೋಡಲೂ ಭಯವಾಯಿತು.

ಮಾರನೆಯ ದಿನ ಮಧ್ಯಾಹ್ನ ನೆಲ ನಡುಗಿತು. ದೊಡ್ಡದಲ್ಲ. ಹಡಗಿನಲ್ಲಿದ್ದ ನಮಗೆ ಗೊತ್ತೇ ಆಗಲಿಲ್ಲ. ದಡದಿಂದ ಸುದ್ದಿ ಬಂತು. ಬಂದರಿನ ಊರಲ್ಲಿ ಕಿಟಕಿಯ ಗಾಜು ಒಡೆದಿವೆ, ಗೋಡೆಗಳು ಬಿರುಕು ಬಿಟ್ಟಿವೆ, ನೀರು ಏಳಲಿಲ್ಲ. ಗಂಟೆಯ ನಂತರ ಹಡಗಿನ ಕಚೇರಿಗೆ ನನ್ನ ಹೆಸರಿಗೆ ಅಕ್ಕನ ಸಂದೇಶ ಬಂತು. ರೇಡಿಯೋದವರು ಅಚ್ಚುಮಾಡಿ, ನಗುತ್ತಾ ಕೈಗೆ ಕೊಟ್ಟರು.

"ಎಲ್ಲ ಮಕ್ಕಳನ್ನೂ ಹತ್ತಿಸಿದೆ. ಸರಿಯಾಗಿ ಹದಿನೇಳು ನಿಮಿಷ. ಒಬ್ಬರೂ ಅಳಲಿಲ್ಲ, ಮೂರು ನಿಮಿಷ ಇನ್ನೂ ಇದೆ ಅಂತ ಹೇಳ್ತಾ ಹೇಳ್ತಾ ನಡೆಸಿದೆ. ನಿನ್ನ ನಕ್ಷೆ ನಮ್ಮನ್ನ ಕಾಯ್ತು ಪುಟ್ಟಿ."

ಕಾಗದ ಹಿಡಿದುಕೊಂಡು ಹಡಗಿನ ಹಿಂಬದಿಗೆ ಹೋದೆ. ಇನ್ನೂ ಮೂರು ನಿಮಿಷ ಇದೆ ಎಂದು ಅವಳು ನಿಧಾನವಾಗಿ, ಮಂಡಿನೋವಿನ ಕಾಲು ಎಳೆಯುತ್ತಾ, ಎಲ್ಲರಿಗಿಂತ ಕೊನೆಯಲ್ಲಿ ನಡೆಯುತ್ತಿರುವುದು ಕಣ್ಣಿಗೆ ಕಟ್ಟಿತು. ಅವಳು ಯಾವತ್ತೂ ಕೊನೆಯವಳು. ಎಲ್ಲ ಮಕ್ಕಳೂ ಮುಂದೆ ಹೋದ ಮೇಲೆ ತಾನು. ನೀರು ಬಂದಿದ್ದರೆ ಮೊದಲು ಮುಟ್ಟುತ್ತಿದ್ದದ್ದು ಅವಳ ಬೆನ್ನನ್ನು.

ಪುಸ್ತಕ ತೆಗೆದುಕೊಂಡು ನೇರ ಮೇಡಂ ಹತ್ತಿರ ಹೋಗಿ ರಟ್ಟು ತೆರೆದು ತೋರಿಸಿದೆ. ಅವರು ಆ ಸಾಲನ್ನು ಓದಿದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ತಿದ್ದಿದ ಅಂಕಿಗಳನ್ನು ಹಾಕಿ ಲೆಕ್ಕ ಓಡಿಸಿದರು. ಚುಕ್ಕೆಗಳು ಒಂದೊಂದಾಗಿ ಬಂದು ಆ ಓರೆ ಗೆರೆಯ ಮೇಲೆ ಕೂತವು. ಅಷ್ಟು ಅಂದವಾದ ಚಿತ್ರವನ್ನು ನಾನು ಈ ಕಸುಬಿನಲ್ಲಿ ನೋಡಿಲ್ಲ, ಅಷ್ಟು ಹೆದರಿಸಿದ್ದನ್ನೂ ನೋಡಿಲ್ಲ. ನೀರಿನ ಲೆಕ್ಕ ಮುಗಿಯಲು ಸಂಜೆಯಾಯಿತು. ಹನ್ನೆರಡು ನಿಮಿಷ.

ಮೇಡಂ ಅವತ್ತೇ ದಡದ ಕಚೇರಿಗೆ ಬರೆದರು. ಹೊಸ ಮಾಹಿತಿಯ ಆಧಾರದ ಮೇಲೆ ಹಳೆಯ ನಕ್ಷೆಯನ್ನು ಪರಿಷ್ಕರಿಸಲಾಗಿದೆ ಎಂದು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಬರಹ. ನನ್ನ ಮುಖ ನೋಡಿ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಗಾಬರಿಯಾಗಬೇಡಿ ಎಂದರು. ನನಗೆ ಒಂದು ಗಳಿಗೆ ಹಗುರವಾಯಿತು. ಆ ಹಗುರಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಎರಡು ದಿನದ ನಂತರ ಹಡಗು ಬಂದರು ಸೇರಿತು. ಚೀಲ ಹೆಗಲಿಗೇರಿಸಿಕೊಂಡು ಸೀದಾ ಶಾಲೆಗೆ ಹೋದೆ. ಬಂದರಿನ ಗೇಟಿನಿಂದ ಶಾಲೆಯ ಗೇಟಿಗೆ ಇನ್ನೂರು ಹೆಜ್ಜೆ. ಅಷ್ಟು ಹತ್ತಿರ ಎಂದು ಮೊದಲು ಯಾವತ್ತೂ ಅನಿಸಿರಲಿಲ್ಲ. ಅಕ್ಕನ ಕೋಣೆಯಲ್ಲಿ ಬಿರುಕು ಬಿಟ್ಟ ಕಿಟಕಿಗೆ ಟೇಪು ಅಂಟಿಸಿದ್ದರು. ಅವಳ ಕುರ್ಚಿಯ ಹಿಂದೆ ಗೋಡೆಯ ಮೇಲೆ ನನ್ನ ನಕ್ಷೆ, ಕಟ್ಟು ಹಾಕಿಸಿ, ಗಾಜು ಒರೆಸಿ, ಇಪ್ಪತ್ತು ಎಂಬ ಅಂಕಿಯ ಸುತ್ತ ಕೆಂಪು ಸುತ್ತು ಹಾಕಿ ತೂಗುಹಾಕಿದ್ದಳು. ನನ್ನನ್ನು ನೋಡಿ ಎದ್ದು ಬಂದು ತಬ್ಬಿಕೊಂಡಳು. ತಬ್ಬಿಕೊಂಡಿರುವಾಗಲೇ, ಅವಳ ಮುಖ ನೋಡದೆ, ಹೇಳಿದೆ. ಮೊದಲು ಹನ್ನೆರಡು ಎಂಬುದನ್ನು, ಆಮೇಲೆ ಪುಸ್ತಕದ ಸಂಗತಿಯನ್ನು.

ಅವಳ ತೋಳು ಸಡಿಲವಾಯಿತು. ಹೋಗಿ ಕುರ್ಚಿಯಲ್ಲಿ ಕೂತಳು. ಹೊರಗೆ ಯಾವುದೋ ತರಗತಿ ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿತ್ತು. ಅಕ್ಕನ ತುಟಿ ಬಿಳಿಚಿಕೊಂಡಿತ್ತು. ಅವಳು ಹೆದರಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮನೆಯಲ್ಲಿ ಹೆದರುವ ಪಾಲೆಲ್ಲ ನನಗೇ ಬಂದಿದೆ ಎಂದುಕೊಂಡಿದ್ದೆ.

"ಮೊನ್ನೆ ನಾನು ಅವರನ್ನ ನಿಧಾನವಾಗಿ ನಡೆಸಿದೆ ಕಣೇ," ಎಂದಳು. "ಓಡ್ಬೇಡಿ, ಬಿದ್ದುಬಿಡ್ತೀರಿ, ಟೈಮ್ ಇದೆ ಅಂದೆ."

ನನ್ನನ್ನು ಬೈದುಬಿಡು ಎಂದೆ. ಅವಳು ಬೈಯಲಿಲ್ಲ. ಮೇಡಂ ಬರೆದ ಕಾಗದ ನೋಡಿ ದೊಡ್ಡ ಕಚೇರಿಯಿಂದ ಆದೇಶ ಬರಲು ಎಷ್ಟು ದಿನ ಬೇಕು ಎಂದು ಕೇಳಿದಳು. ಎರಡು ತಿಂಗಳೋ ಮೂರು ತಿಂಗಳೋ ಎಂದೆ. ಅಲ್ಲಿಯವರೆಗೆ ಮಕ್ಕಳನ್ನು ಗುಡ್ಡದ ಹಳೆಯ ಕಟ್ಟಡಕ್ಕೆ ಸಾಗಿಸಬೇಕಾದರೆ ತಂದೆತಾಯಂದಿರು ಒಪ್ಪಬೇಕು, ಮತ್ತೆ ಆ ಸೋರುವ ಕೋಣೆಗಳಿಗೆ ಯಾರು ಒಪ್ಪುತ್ತಾರೆ ಎಂದು ತನಗೆ ತಾನೇ ಎಂಬಂತೆ ಹೇಳಿಕೊಂಡಳು. ಆಮೇಲೆ ಡ್ರಾಯರ್ ಎಳೆದು ಸೀಟಿ ತೆಗೆದು ಮೇಜಿನ ಮೇಲಿಟ್ಟಳು. ಅವಳು ಏನು ಮಾಡಲಿದ್ದಾಳೆ ಎಂದು ಆಗ ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಮನೆಯವರೂ ಗುಡ್ಡದ ತಿರುವಿಗೆ ಬರಬೇಕು, ಮಕ್ಕಳ ಕವಾಯತು ನೋಡಬೇಕು ಎಂದು ಹೇಳಿ ಕಳಿಸಿದಳು. ಮೊನ್ನೆಯ ನಡುಕದಿಂದ ಎಲ್ಲರ ಮೈಯಲ್ಲೂ ಇನ್ನೂ ಅಳುಕು ಇತ್ತು, ಆದ್ದರಿಂದ ಬಂದರು. ಮೀನುಗಾರರು, ಅಂಗಡಿಯವರು, ಆಸ್ಪತ್ರೆಯ ದಾದಿಯರು, ಅಜ್ಜಿಯರು. ಆ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ದಪ್ಪ ಬಿಳಿ ಗೆರೆ ಬಳಿದಿದೆ. ನೀರು ಅಲ್ಲಿಯವರೆಗೆ ಏರಬಹುದು, ಅದನ್ನು ದಾಟಿದವರು ಉಳಿದರು ಎಂದು ಊರಿನ ಹಸುಗೂಸಿಗೂ ಗೊತ್ತು. ನಾನು ಆ ಗೆರೆಯ ಮೇಲ್ಬದಿಯಲ್ಲಿ, ಜನರ ಹಿಂದೆ, ಯಾರಿಗೂ ಕಾಣದ ಹಾಗೆ ನಿಂತೆ.

ಕೆಳಗೆ ಗಂಟೆ ಬಾರಿಸಿತು. ಕೈಗಡಿಯಾರ ನೋಡಿಕೊಂಡೆ. ದೊಡ್ಡ ತರಗತಿಯವರು ಬೇಗ ಬೇಗ ಹತ್ತಿ ಬಂದರು, ಕೆಲವರು ಗೆರೆ ದಾಟಿ ಅಪ್ಪ ಅಮ್ಮನಿಗೆ ಕೈ ಬೀಸಿದರು. ಹಿಂದೆ ಮಧ್ಯದ ತರಗತಿಗಳು. ಅದರ ಹಿಂದೆ, ಮಗುವಿಗೊಂದು ಗಂಟು ಹಾಕಿದ ಉದ್ದನೆಯ ಹಗ್ಗಗಳನ್ನು ಹಿಡಿದುಕೊಂಡು, ಪುಟಾಣಿಗಳು. ಎಲ್ಲರಿಗಿಂತ ಹಿಂದೆ, ಕೊನೆಯ ಹಗ್ಗದ ತುದಿ ಹಿಡಿದ ನಮ್ಮಕ್ಕ. ಎಂಟು ನಿಮಿಷ. ಹತ್ತು. ಹನ್ನೊಂದು. ಮಕ್ಕಳು ಇಷ್ಟು ನಿಧಾನವಾಗಿ ನಡೆಯುತ್ತವೆಯೇ ದೇವರೇ, ಒಂದು ಹೆಜ್ಜೆಗೆ ಇಷ್ಟು ಹೊತ್ತು ಬೇಕೇ ಎನಿಸಿತು.

ಹನ್ನೆರಡನೆಯ ನಿಮಿಷಕ್ಕೆ ಸರಿಯಾಗಿ ಅಕ್ಕ ಸೀಟಿ ಊದಿದಳು. ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದಳು, ಸೀಟಿ ಕೇಳಿದ ತಕ್ಷಣ ಇದ್ದ ಜಾಗದಲ್ಲೇ ನಿಂತುಬಿಡಬೇಕು, ಅಲುಗಾಡಿದವರು ಔಟ್ ಎಂದು. ರಸ್ತೆಗೆ ರಸ್ತೆಯೇ ನಿಂತುಹೋಯಿತು. ಒಂದು ಮಗು ಎತ್ತಿದ ಕಾಲನ್ನು ಇಳಿಸದೆ ಒಂಟಿ ಕಾಲಲ್ಲಿ ನಿಂತು ತೂಗಾಡುತ್ತಿತ್ತು. ಆಟ ಎಂದುಕೊಂಡು ಕೆಲವರು ಕಿಸಕ್ಕನೆ ನಗುತ್ತಿದ್ದರು.

"ಎಲ್ಲರೂ ಹೋಗಿ ನಿಮ್ಮ ನಿಮ್ಮ ಮಗು ಪಕ್ಕ ನಿಂತ್ಕೊಳ್ಳಿ," ಎಂದು ಅಕ್ಕ ಕೆಳಗಿನಿಂದಲೇ ಕೂಗಿ ಹೇಳಿದಳು. "ಗೆರೆ ಎಲ್ಲಿದೆ, ನೀವು ಎಲ್ಲಿದ್ದೀರಿ ನೋಡ್ಕೊಳ್ಳಿ. ನೀರು ಬರೋದು ಇಪ್ಪತ್ತು ನಿಮಿಷಕ್ಕಲ್ಲ. ಈಗ ಬಂತು."

ಜನ ಇಳಿಯತೊಡಗಿದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ತಮ್ಮ ಮಗುವಿನ ಪಕ್ಕ ನಿಂತು ತಲೆ ಎತ್ತಿ ಗೆರೆ ನೋಡಿದ ಮೇಲೆ ಒಬ್ಬೊಬ್ಬರ ಮುಖವೂ ಬದಲಾಯಿತು. ಗೆರೆಯ ಕೆಳಗೆ ನಿಂತ ಮಕ್ಕಳನ್ನು ನಾನು ಎಣಿಸಿದೆ, ಎಣಿಸುವುದೇ ನನ್ನ ಕಸುಬು. ಎಪ್ಪತ್ತೊಂದು. ಹಗ್ಗದ ಪುಟಾಣಿಗಳಲ್ಲಿ ಒಂದೂ ಮೇಲಿರಲಿಲ್ಲ.

ಮೇಲಿನ ಸಾಲಿನಲ್ಲಿ ನಿಂತಿದ್ದ ದೋಣಿಯ ಯಜಮಾನನೊಬ್ಬ, ಅವನ ಮಗಳು ಗೆರೆ ದಾಟಿದ್ದಳು, ಕಾಗದದ ಮಾತು ಇದು ಎಂದ. ಹೋದ ಸಲ ಇಪ್ಪತ್ತು ಎಂದರು, ಈ ಸಲ ಹನ್ನೆರಡು ಎನ್ನುತ್ತಾರೆ, ಮುಂದಿನ ಸಲ ಮೂವತ್ತು ಎನ್ನುವುದಿಲ್ಲ ಎಂದು ಏನು ನಂಬಿಕೆ ಎಂದು ಕೇಳಿದ. ಹೌದು ಹೌದು ಎಂದು ನಾಲ್ಕಾರು ಜನ ತಲೆದೂಗಿದರು. ನಂಬದೆ ಇರುವುದಕ್ಕೆ ಒಂದು ನೆಪ ಸಿಕ್ಕಿತಲ್ಲ ಎಂಬ ನೆಮ್ಮದಿ ಮುಖಗಳ ಮೇಲೆ ಹರಡುವುದು ಕಾಣುತ್ತಿತ್ತು. ಆ ನೆಮ್ಮದಿ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದಾಗ ನನಗೆ ಆದದ್ದೂ ಅದೇ. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲರೂ ಮಕ್ಕಳ ಕೈ ಹಿಡಿದು ಕೆಳಗಿನ ಆ ಹೊಸ ಕಟ್ಟಡಕ್ಕೆ ವಾಪಸ್ಸು ಹೋಗುತ್ತಿದ್ದರು.

ಅಕ್ಕ ನನ್ನ ಹೆಸರು ಹೇಳಲಿಲ್ಲ, ಕರೆಯಲೂ ಇಲ್ಲ. ಅಷ್ಟು ದೂರದಿಂದ ನೋಡಿದಳು, ಅಷ್ಟೇ.

ಗೆರೆ ದಾಟಿ ಕೆಳಗೆ ಇಳಿದೆ. ಜನರ ನಡುವೆ ಬಂದು ನಿಂತು ಏನೋ ಹೇಳಿದೆ, ನನಗೇ ಕೇಳಿಸಲಿಲ್ಲ. ಕೆಳಗಿನಿಂದ ಅಕ್ಕನ ಧ್ವನಿ ಬಂತು.

"ಕೇಳಿಸ್ಲಿಲ್ಲ. ಹಿಂದಿನ ಬೆಂಚಿಗೂ ಕೇಳೋ ಹಾಗೆ ಹೇಳು."

"ಆ ಇಪ್ಪತ್ತು ನಿಮಿಷ ನನ್ನ ತಪ್ಪು," ಎಂದೆ. "ಹೆಡ್‌ಮಿಸ್ ತಂಗಿ ನಾನೇ. ಕೂಡಬೇಕಾಗಿದ್ದನ್ನ ಕಳೆದುಬಿಟ್ಟೆ. ಕೇಳಿದ್ರೆ ನಾಚ್ಕೆ ಅಂತ ಯಾರನ್ನೂ ಕೇಳ್ಲಿಲ್ಲ. ಈ ಹನ್ನೆರಡನ್ನ ಎರಡು ಸಲ ಅಳೆದಿದ್ದೀವಿ, ಇದು ನಿಜ. ಕೆಳಗೆ ಇರೋ ಮಕ್ಕಳಿಗೆ ಟೈಮ್ ಇಲ್ಲ."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಗ್ಗದ ಹತ್ತಿರ ನಿಂತಿದ್ದ ಒಬ್ಬ ತಾಯಿ ಬಗ್ಗಿ, ಮಗುವಿನ ಬೆರಳುಗಳನ್ನು ಗಂಟಿನಿಂದ ಬಿಡಿಸಿ, ಅದನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಗುಡ್ಡದ ಕಡೆ ನಡೆದಳು. ಆಟ ಮುಗಿಯಿತಾ ಎಂದು ಮಗು ಕೇಳುತ್ತಿತ್ತು. ಅವಳ ಹಿಂದೆ ಇನ್ನೊಬ್ಬರು. ಆಮೇಲೆ ಎಲ್ಲರೂ. ಹೆಚ್ಚುಕಡಿಮೆ ಓಡುತ್ತಿದ್ದರು. ಹಳೆಯ ಕಟ್ಟಡದ ಬೀಗ ತೆಗೆಯುವ ಸದ್ದು ಮೇಲಿನಿಂದ ಕೇಳಿಸಿತು.

ರಸ್ತೆಯ ಮೇಲೆ ಹಗ್ಗ ಒಂದೇ ಉಳಿಯಿತು. ಅದರ ತುದಿ ಹಿಡಿದುಕೊಂಡು ಅಕ್ಕ ನಿಂತಲ್ಲೇ ನಿಂತಿದ್ದಳು. ಮಂಡಿ ಹಿಡಿದುಕೊಂಡಿತ್ತು, ಒಂದು ಕೈ ಅದರ ಮೇಲಿತ್ತು. ಇಳಿದು ಹೋಗಿ ಅವಳ ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ. ನನಗೆ ಸಮುದ್ರಕ್ಕೆ ಬೆನ್ನು ಹಾಕಿ ನಡೆಯಲು ಭಯವಾಗುತ್ತಿತ್ತು, ತಿರುಗಿ ನೋಡಲೂ ಭಯವಾಗುತ್ತಿತ್ತು. ಒಂದೊಂದೇ ಹೆಜ್ಜೆ ಇಟ್ಟು ಹತ್ತಿದೆವು. ಬಿಳಿ ಗೆರೆ ದಾಟಿದ ಮೇಲೆ, ಅಭ್ಯಾಸ ನೋಡಿ, ಗಡಿಯಾರ ನೋಡಿಕೊಂಡೆ. ಸೀಟಿ ಊದಿದ ಜಾಗದಿಂದ ಇಲ್ಲಿಗೆ ಬರಲು ಅಕ್ಕನಿಗೆ ಐದು ನಿಮಿಷ ಹಿಡಿದಿತ್ತು, ಹನ್ನೆರಡರ ಮೇಲೆ ಐದು.